ಬೀಭತ್ಸದಿಂದ ಕರುಣಕ್ಕೆ: ಥ್ರಾಬಿಂಗ್ ಗ್ರಿಸಲ್ ತಂಡದ ಮರುಮಿಲನದ ಆಲ್ಬಮ್

ತನ್ನ ಕೆಲಸ ಮುಗಿಯಿತೆಂದು ತಾನೇ ಸಾರಿಕೊಂಡ ಸಂಗೀತ ತಂಡವೊಂದು ಕಾಲು ಶತಮಾನದ ನಂತರ ಮತ್ತೆ ಕೂಡಿ ಹೊಸ ಆಲ್ಬಮ್ ತಂದಾಗ, ಬೇರೆ ಆಲ್ಬಮ್‌ಗಳಿಗಿಲ್ಲದ ಒಂದು ಹೊಣೆ ಅದರ ಮೇಲೆ ಬೀಳುತ್ತದೆ: ಹಳೆಯ ಮುಕ್ತಾಯವನ್ನು ಅಳಿಸಿಹಾಕಿದ್ದೇಕೆ ಎಂಬುದಕ್ಕೆ ಅದು ಸಂಗೀತದಲ್ಲಿಯೇ ಕಾರಣ ಕೊಡಬೇಕು. ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡವು 1981ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಕಛೇರಿ ನಡೆಸಿ, ತನ್ನ ಕಾರ್ಯಾಚರಣೆ ಸಮಾಪ್ತವಾಯಿತೆಂದು ಘೋಷಿಸಿ ಚದುರಿಹೋಗಿತ್ತು. 2004ರಲ್ಲಿ ತಂಡದ ಅದೇ ನಾಲ್ವರು ಸದಸ್ಯರು ಲಂಡನ್ನಿನ ಆಸ್ಟೋರಿಯಾ ರಂಗಮಂದಿರದಲ್ಲಿ ಮತ್ತೆ ವೇದಿಕೆ ಏರಿದರು. 2007ರಲ್ಲಿ ಮ್ಯೂಟ್ ಸಂಸ್ಥೆಯ ಮೂಲಕ ಹೊರಬಂದ ‘ಪಾರ್ಟ್ ಟೂ: ದಿ ಎಂಡ್‌ಲೆಸ್ ನಾಟ್’ ಈ ಮರುಮಿಲನದ ಮುಖ್ಯ ಫಲ.

ಈ ಆಲ್ಬಮ್ಮಿನ ತೂಕವನ್ನು ಅಳೆಯಲು ತಂಡದ ಮೊದಲ ಅವಧಿಯ ಸ್ವಭಾವವನ್ನು ನೆನೆಯಬೇಕಾಗುತ್ತದೆ. ಜೆನೆಸಿಸ್ ಪಿ-ಆರಿಡ್ಜ್, ಕೋಸಿ ಫಾನಿ ಟುಟ್ಟಿ, ಪೀಟರ್ ಕ್ರಿಸ್ಟೊಫರ್ಸನ್ ಮತ್ತು ಕ್ರಿಸ್ ಕಾರ್ಟರ್ 1975ರಲ್ಲಿ ಒಂದುಗೂಡಿದಾಗ ಅವರ ಮುಂದಿದ್ದುದು ಹಾಡು ಕಟ್ಟುವ ಆಸೆಗಿಂತ ಹೆಚ್ಚಾಗಿ ಕಲಾಪ್ರದರ್ಶನದ ಹಟ; 1976ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆಯಲ್ಲಿ ಅವರು ನಡೆಸಿದ ಪ್ರದರ್ಶನವನ್ನು ಕಂಡು ಸಂಸತ್ ಸದಸ್ಯ ನಿಕೋಲಸ್ ಫೇರ್‌ಬೇರ್ನ್ ಇವರನ್ನು ನಾಗರಿಕತೆಯ ಧ್ವಂಸಕರೆಂದು ಕರೆದಿದ್ದರು. ತಮ್ಮ ಧ್ವನಿಮುದ್ರಣ ಸಂಸ್ಥೆಗೆ ಅವರು ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟರು. ಮುಂದೆ ‘ಇಂಡಸ್ಟ್ರಿಯಲ್’ ಎಂದು ಹೆಸರಾದ ಪ್ರಕಾರ, ಅಂದರೆ ಯಂತ್ರದ ಗದ್ದಲ, ಕತ್ತರಿಸಿ ಜೋಡಿಸಿದ ಟೇಪುಗಳು, ವಿಕಾರಗೊಳಿಸಿದ ದನಿ ಇವುಗಳನ್ನೇ ಸ್ವರಸಾಮಗ್ರಿಯಾಗಿ ಬಳಸುವ ಸಂಗೀತ, ಇಲ್ಲಿಂದಲೇ ಹೆಸರು ಪಡೆಯಿತು. ಕಾರ್ಟರ್ ತಾವೇ ಬೆಸುಗೆ ಹಾಕಿದ ಸಿಂಥಸೈಜರುಗಳನ್ನೂ ಗ್ರಿಸ್ಲೈಜರ್ ಎಂಬ ಧ್ವನಿವಿಕಾರಕವನ್ನೂ ನುಡಿಸಿದರೆ, ಕ್ರಿಸ್ಟೊಫರ್ಸನ್ ಕ್ಯಾಸೆಟ್ ಯಂತ್ರಗಳನ್ನು ಕೀಲಿಮಣೆಯೊಂದಕ್ಕೆ ಜೋಡಿಸಿ, ಬೆರಳೊತ್ತಿದಂತೆಲ್ಲ ಮುದ್ರಿತ ಸದ್ದು ಹೊಮ್ಮುವ ಸಾಧನವನ್ನು ಸಿದ್ಧಪಡಿಸಿಕೊಂಡರು. ಸ್ಯಾಂಪ್ಲರ್ ಎಂಬ ಉಪಕರಣ ಮನೆಮಾತಾಗುವ ಮೊದಲೇ ಅದರ ಕೆಲಸ ಇಲ್ಲಿ ನಡೆದಿತ್ತು.

ಆ ಕಾಲದ ಮೊದಲ ಆಲ್ಬಮ್‌ಗಳಿಗೆ ಕಂಪನಿಯ ವರದಿಯಂಥ ಹೆಸರುಗಳಿದ್ದವು, ಮತ್ತು ಅವುಗಳ ಧೋರಣೆಯೂ ವರದಿಯದೇ. 1978ರ ‘ಡಿ.ಒ.ಎ.’ ಆಲ್ಬಮ್ಮಿನಲ್ಲಿರುವ ‘ಹ್ಯಾಂಬರ್ಗರ್ ಲೇಡಿ’ ಸುಟ್ಟಗಾಯಗಳಿಂದ ನರಳುವ ರೋಗಿಯೊಬ್ಬರ ಬಗ್ಗೆ ಬಂದ ಪತ್ರದಿಂದ ಹುಟ್ಟಿದ್ದು. ಅಲ್ಲಿ ದನಿ ಮರುಗುವುದಿಲ್ಲ, ಸುಮ್ಮನೆ ತಿಳಿಸುತ್ತದೆ, ಹಿನ್ನೆಲೆಯ ಕುಗ್ಗಿ ಹಿಗ್ಗುವ ಯಂತ್ರಸ್ವರ ಕೇಳುಗನ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತದೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ಶುದ್ಧ ಬೀಭತ್ಸ, ಜುಗುಪ್ಸೆಯನ್ನೇ ಸ್ಥಾಯಿಭಾವವಾಗಿ ಉಳ್ಳ ರಸ. ಇಂಡಸ್ಟ್ರಿಯಲ್ ರೆಕಾರ್ಡ್ಸ್ ಸಂಸ್ಥೆಯ ಲಾಂಛನಕ್ಕೆ ಆಶ್‌ವಿಟ್ಸ್‌ನ ಚಿತಾಗಾರದ ಚಿತ್ರವನ್ನು ಬಳಸಿದ್ದು ಕೂಡ ಇದೇ ಧೋರಣೆಯ ಫಲ. ಆದರೆ ಪರರ ಯಾತನೆಯನ್ನು ಲಾಂಛನವಾಗಿಸಿಕೊಳ್ಳುವುದು ಎಚ್ಚರಿಸುವ ಕೆಲಸವನ್ನು ಎಷ್ಟು ಮಾಡುತ್ತದೋ ಅಷ್ಟೇ ಬೇಗ ಅಲಂಕಾರವಾಗಿಯೂ ಇಳಿಯುತ್ತದೆ. ನಂತರದ ಪೀಳಿಗೆಯ ಅನೇಕ ಇಂಡಸ್ಟ್ರಿಯಲ್ ತಂಡಗಳು ಕಲಿತದ್ದು ಆ ಅಲಂಕಾರವನ್ನು ಮಾತ್ರ.

‘ಪಾರ್ಟ್ ಟೂ’ ಆಲ್ಬಮ್ಮಿನ ನಿಜವಾದ ಸಾಧನೆಯೆಂದರೆ ಅದು ಈ ವರದಿಗಾರನ ಪೀಠದಿಂದ ಕೆಳಗಿಳಿದಿರುವುದು. ಮೊದಲ ಹಾಡಾದ ‘ವೌ ಆಫ್ ಸೈಲೆನ್ಸ್’ ಹಳೆಯ ಅಭಿಮಾನಿಗೆ ಹಳೆಯ ಪರಿಚಯವನ್ನೇ ಕೊಡುತ್ತದೆ: ಒರಟು ಲಯ, ಚೂರು ಚೂರಾಗಿ ತುಂಡರಿಸಿದ ದನಿ, ಎದೆಗೆ ಗುದ್ದುವ ಮಂದ್ರ. ಅದು ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಹೊಸದೇನಿಲ್ಲ. ಎರಡನೆಯ ‘ರ‍್ಯಾಬಿಟ್ ಸ್ನೇರ್’ ಆರಂಭವಾದೊಡನೆ ನೆಲವೇ ಬದಲಾಗುತ್ತದೆ. ರಾತ್ರಿಯ ಜಾಝ್ ಕ್ಲಬ್ಬಿಗೆ ಹೊಂದುವಂಥ ನಿಧಾನದ ನಡೆ, ಅದರ ಮೇಲೆ ಕೋಸಿಯವರ ಕಾರ್ನೆಟ್ ವಾದನ, ನಡುವೆ ಪಿ-ಆರಿಡ್ಜ್ ಅವರ ಬಿರುಕುಬಿಟ್ಟ ಗಾಯನ. ಕಾರ್ನೆಟ್ ಎಂಬುದು ತುತ್ತೂರಿಯ ಜಾತಿಯ, ಅದಕ್ಕಿಂತ ಮೃದುವಾದ ಪುಟ್ಟ ಹಿತ್ತಾಳೆ ವಾದ್ಯ. ಕೋಸಿ ಅದನ್ನು ಸಂಪ್ರದಾಯದ ಪ್ರಾವೀಣ್ಯದಿಂದ ನುಡಿಸುವುದಿಲ್ಲ, ಸ್ವರವನ್ನು ತಲುಪುವ ಮುನ್ನವೇ ಕೈಬಿಟ್ಟಂತೆ, ಉಸಿರು ಸಾಲದಾದಂತೆ ನುಡಿಸುತ್ತಾರೆ. ಕೇಳುಗನಲ್ಲಿ ಅಸ್ವಸ್ಥತೆ ಈಗಲೂ ಹುಟ್ಟುತ್ತದೆ, ಆದರೆ ಅದು ಗದ್ದಲದಿಂದಲ್ಲ, ಹಾಡುತ್ತಿರುವವರ ಬಲಹೀನತೆಯನ್ನು ಅಷ್ಟು ಸಮೀಪದಿಂದ ಕೇಳಬೇಕಾಗಿ ಬಂದುದರಿಂದ.

‘ಆಲ್ಮೋಸ್ಟ್ ಎ ಕಿಸ್’ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. ಅದು ಮರೆಮಾಚದ ವಿರಹಗೀತೆ, ಮತ್ತು ಇಡೀ ಆಲ್ಬಮ್ಮಿನ ಶಿಖರ. ಪಿ-ಆರಿಡ್ಜ್ ಅವರ ದನಿ ಎಂದೂ ಸುಶ್ರಾವ್ಯವಾಗಿರಲಿಲ್ಲ. ಇಲ್ಲಿ ಅದು ಶ್ರುತಿಯ ಅಂಚಿನಲ್ಲಿ ತಡವರಿಸುತ್ತ ಸಾಗುವಾಗ ಉಳಿದ ಮೂವರು ಅದನ್ನು ಮುಚ್ಚಿಹಾಕದೆ, ಅದರ ಸುತ್ತ ಜಾಗ ಬಿಟ್ಟು ನುಡಿಸುತ್ತಾರೆ. ಈ ಕೋಮಲತೆ ಎಲ್ಲಿಂದಲೋ ಬಂದದ್ದಲ್ಲ. ‘ಡಿ.ಒ.ಎ.’ ಆಲ್ಬಮ್ಮಿನ ‘ವೀಪಿಂಗ್’ ಎಂಬ ರಚನೆಯಲ್ಲಿ, ಕೋಸಿಯವರು ತಮ್ಮಿಂದ ದೂರವಾದ ನೋವನ್ನು ಪಿ-ಆರಿಡ್ಜ್ ಆಗಲೇ ಹಾಡಿದ್ದರು. ವರದಿಗಳ ನಡುವೆ ಅಪವಾದದಂತಿದ್ದ ಆ ಸ್ವಂತದ ಅಳು ಮೂರು ದಶಕಗಳ ನಂತರ ತಂಡದ ಮುಖ್ಯ ದನಿಯಾಗಿದೆ. ಹೊರಹೊದಿಕೆಯಲ್ಲಿಯೂ ಈ ಬದಲಾವಣೆ ಕಾಣುತ್ತದೆ: 1979ರ ‘20 ಜಾಝ್ ಫಂಕ್ ಗ್ರೇಟ್ಸ್’ ಚಿತ್ರದಲ್ಲಿ ನಾಲ್ವರೂ ನಗುತ್ತ ನಿಂತಿದ್ದ ಹಸಿರು ದಿಬ್ಬ ಆತ್ಮಹತ್ಯೆಗಳಿಗೆ ಕುಖ್ಯಾತವಾದ ಬೀಚಿ ಹೆಡ್ ಆಗಿದ್ದರೆ, ಇಲ್ಲಿರುವುದು ಒಳಗೊಂದು ಹೊರಗೊಂದು ಇಲ್ಲದ ಕೈಲಾಸ ಪರ್ವತ.

ಆಲ್ಬಮ್ ಎಲ್ಲೆಡೆಯೂ ಈ ಮಟ್ಟದಲ್ಲಿಲ್ಲ. ‘ಲೈರ್ ಲಯರ್’ ಒಂದೇ ಶಬ್ದಚಮತ್ಕಾರವನ್ನು ನೆಚ್ಚಿಕೊಂಡು ಬೇಗ ಬಳಲುತ್ತದೆ. ‘ಅಬವ್ ದ ಬಿಲೋ’ ಹಿತವಾದ ಕತ್ತಲೆಯನ್ನು ಹರಡುತ್ತದೆಯೇ ಹೊರತು ಅದರೊಳಗೆ ಏನನ್ನೂ ಇಡುವುದಿಲ್ಲ. ಇದಕ್ಕಿಂತ ಗಂಭೀರವಾದ ಕೊರತೆ ಧ್ವನಿಯ ಗುಣಕ್ಕೆ ಸಂಬಂಧಿಸಿದ್ದು. ಹಳೆಯ ಉಪಕರಣಗಳು ಅರ್ಧ ನಿಯಂತ್ರಣ ತಪ್ಪಿದ್ದವು, ಆದ್ದರಿಂದ ಅಪಾಯವು ಸಂಗೀತದೊಳಗೇ ಇರುತ್ತಿತ್ತು. ಕಂಪ್ಯೂಟರಿನ ಸಂಪಾದನೆಯಲ್ಲಿ ಪ್ರತಿಯೊಂದು ಗೀರು ಕೂಡ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತಿದೆ, ಮತ್ತು ಈ ಅಚ್ಚುಕಟ್ಟು ಕೆಲವೆಡೆ ಹಾಡಿನ ಗಾಯವನ್ನು ಗಾಜಿನ ಹಿಂದೆ ಇಟ್ಟಂತೆ ಮಾಡುತ್ತದೆ. ಶೀರ್ಷಿಕೆ ಗೀತೆಯಲ್ಲಿ ಮಾತ್ರ ಶುಭ್ರ ಧ್ವನಿಯೂ ಭಾರವಾದ ನಿಧಾನಗತಿಯೂ ಒಂದನ್ನೊಂದು ಪೋಷಿಸುತ್ತವೆ. ಕೊನೆಯ ‘ಆಫ್ಟರ್ ದ ಫಾಲ್’ ಯಾವ ಆರ್ಭಟವೂ ಇಲ್ಲದೆ ಮುಗಿಯುತ್ತದೆ, ಮತ್ತು ಹಾಗೆ ಮುಗಿಯುವುದೇ ಸರಿ.

ಈ ಹಾಡುಗಳ ಆರ್ದ್ರತೆಯನ್ನು ಮೆಚ್ಚುವಾಗ ಮರೆಯಬಾರದ ಇನ್ನೊಂದು ದಾಖಲೆಯಿದೆ. 2017ರ ತಮ್ಮ ಆತ್ಮಕಥೆಯಲ್ಲಿ ಕೋಸಿ, ಮೊದಲ ಅವಧಿಯಲ್ಲಿ ಪಿ-ಆರಿಡ್ಜ್ ತಮ್ಮ ಮೇಲೆ ಹಿಂಸೆ ನಡೆಸಿದ್ದರೆಂದು ಆರೋಪಿಸಿದರು. ಪಿ-ಆರಿಡ್ಜ್ ಅದನ್ನು ನಿರಾಕರಿಸಿದರು. ಆ ಆತ್ಮಕಥೆಯನ್ನು ಓದಿದ ಮೇಲೆ ‘ರ‍್ಯಾಬಿಟ್ ಸ್ನೇರ್’ನಲ್ಲಿ ದನಿ ಮತ್ತು ಕಾರ್ನೆಟ್ ಎದುರುಬದುರಾಗುವ ಬಗೆ ಸಂವಾದವೆಂದು ಅಷ್ಟು ಸುಲಭವಾಗಿ ಕೇಳಿಸುವುದಿಲ್ಲ, ಕಾರ್ನೆಟ್ ತನ್ನ ಪಾಡಿಗೆ ತಾನು ನುಡಿಯುತ್ತಿದೆ, ದನಿಗೆ ಉತ್ತರ ಕೊಡಲು ಒಪ್ಪುತ್ತಿಲ್ಲ ಎಂದೇ ಅನಿಸುತ್ತದೆ.

ಮರುಮಿಲನ ಬಹುಕಾಲ ಬಾಳಲಿಲ್ಲ. 2010ರ ಶರತ್ಕಾಲದ ಪ್ರವಾಸದ ನಡುವೆ ಪಿ-ಆರಿಡ್ಜ್ ತಂಡದಿಂದ ಹೊರನಡೆದರು, ಅದೇ ನವೆಂಬರ್‌ನಲ್ಲಿ ಕ್ರಿಸ್ಟೊಫರ್ಸನ್ ಬ್ಯಾಂಕಾಕ್‌ನಲ್ಲಿ ತೀರಿಕೊಂಡರು. ‘ಪಾರ್ಟ್ ಟೂ’ ಈ ತಂಡದ ಅತ್ಯುತ್ತಮ ಕೃತಿಯಲ್ಲ, ಆ ಸ್ಥಾನ ‘20 ಜಾಝ್ ಫಂಕ್ ಗ್ರೇಟ್ಸ್’ಗೆ ಸಲ್ಲಬೇಕು, ಆದರೂ ಹಳೆಯ ಸರಕನ್ನು ಮತ್ತೆ ಮಾರಲು ಒಪ್ಪದೆ ತನ್ನ ಮರಳುವಿಕೆಗೆ ಸಕಾರಣ ಕೊಟ್ಟ ಆಲ್ಬಮ್ ಇದು. ಹೊಸ ಕೇಳುಗರು ಇದರಿಂದ ಆರಂಭಿಸದಿರುವುದು ಒಳ್ಳೆಯದು: ಮೊದಲು ‘ಡಿ.ಒ.ಎ.’ ಕೇಳಿ, ಅದರಲ್ಲಿಯೂ ‘ವೀಪಿಂಗ್’ ಅನ್ನು ಎರಡು ಸಲ ಕೇಳಿ, ಆಮೇಲೆ ಇದಕ್ಕೆ ಬರಬೇಕು.