ಪರಿಮಳವಿಲ್ಲದ ಹೂವಿನ ದೊಡ್ಡತನ

ಸಾಸಿವೆಯನ್ನು ಹೋಲುವ, ಆದರೆ ಸಾಸಿವೆಯಲ್ಲದ ಹೊಲದ ಕಳೆಗೆ ನಮ್ಮವರು ನಾಯಿಸಾಸಿವೆ ಎಂದರು. ಇಂಗ್ಲೆಂಡಿನ ಹಳ್ಳಿಗರಿಗೂ ಇದೇ ಬುದ್ಧಿ ಹೊಳೆದಿದೆ. ಘಮಘಮಿಸುವ ವಯೊಲೆಟ್‌ಗೆ ‘ಸಿಹಿ ವಯೊಲೆಟ್’ ಎಂದೂ, ಮೂಗಿಗೆ ಏನೂ ದಕ್ಕದ ಅದರ ದಾಯಾದಿಗೆ ‘ನಾಯಿ ವಯೊಲೆಟ್’ ಎಂದೂ ಹೆಸರಿಟ್ಟರು. ಕಾಡುಹೂಗಳ ಬೆನ್ನುಹತ್ತಿದ ನನ್ನ ಮತ ಈ ಎರಡನೆಯದಕ್ಕೆ.

ಸಿಹಿ ವಯೊಲೆಟ್ಟಿನ ಸೊಗಸೇನೂ ಸಣ್ಣದಲ್ಲ. ಅದರ ಘಮದಲ್ಲಿರುವ ಅಯೊನೋನ್ ಎಂಬ ವಸ್ತು ಮೂಗನ್ನು ಕ್ಷಣಕಾಲ ಮಂಕಾಗಿಸುತ್ತದೆ. ಒಮ್ಮೆ ಮೂಸಿದರೆ ಉಂಟು, ಮತ್ತೆ ಮೂಸಿದರೆ ಇಲ್ಲ, ತುಸು ತಡೆದರೆ ಮತ್ತೆ ಉಂಟು!

ನಾಯಿ ವಯೊಲೆಟ್ಟನ್ನು ಮಾತ್ರ ಕಣ್ಣಿನಿಂದಲೇ ಸವಿಯಬೇಕು. ಮರಗಳು ಎಲೆ ತುಂಬಿಕೊಳ್ಳುವ ಮೊದಲು, ಬಿಸಿಲು ನೆಲಕ್ಕೆ ಇಳಿಯುವ ಏಪ್ರಿಲ್‌ನಲ್ಲಿ ಮೊಣಕಾಲೂರಿ ಹೂವಿನ ಬೆನ್ನು ನೋಡಿ. ಅಲ್ಲಿ ಹಿಂದಕ್ಕೆ ಚಾಚಿದ ಮಕರಂದದ ಪುಟ್ಟ ಕೊಂಬಿದೆ. ಅದು ದಪ್ಪಗೆ, ಎಸಳಿಗಿಂತ ತಿಳಿಬಣ್ಣದಲ್ಲಿದ್ದರೆ ಸಾಮಾನ್ಯ ನಾಯಿ ವಯೊಲೆಟ್. ಸಪೂರವಾಗಿ, ಎಸಳಿಗಿಂತ ಗಾಢ ನೇರಳೆಯಾಗಿದ್ದರೆ, ತುಸು ಮೊದಲೇ ಅರಳುವ ಇನ್ನೊಂದು ಜಾತಿ.

ವಸಂತ ಕಳೆದ ಮೇಲೂ ಗಿಡ ಸುಮ್ಮನಿರುವುದಿಲ್ಲ. ಅರಳದ ಮೊಗ್ಗುಗಳನ್ನು ಬಿಟ್ಟು, ಅವುಗಳ ಒಳಗೇ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟುತ್ತದೆ. ಕಾಯಿ ಮೂರು ಹೋಳಾಗಿ ಬಿರಿದು ಬೀಜಗಳನ್ನು ಸಿಡಿಸುತ್ತದೆ. ಬೀಜಕ್ಕೆ ಅಂಟಿದ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಇನ್ನೂ ದೂರ ಹೊರುತ್ತವೆ.

ಇದರ ನಿಜವಾದ ದೊಡ್ಡತನ ಎಲೆಯಲ್ಲಿದೆ. ಫ್ರಿಟಿಲರಿ ಎಂಬ ಕಿತ್ತಳೆ ಚಿಟ್ಟೆಗಳ ಹಲವು ಜಾತಿಯ ಮರಿಹುಳುಗಳಿಗೆ ವಯೊಲೆಟ್ ಎಲೆಯೇ ಅನ್ನ. ಒಂದು ಜಾತಿಯ ತಾಯಿ ಚಿಟ್ಟೆ ಓಕ್ ಮರದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅಲ್ಲೇ ಚಳಿಗಾಲ ಕಳೆದ ಮರಿ, ವಸಂತದಲ್ಲಿ ಕಾಂಡವಿಳಿದು ಬುಡದ ವಯೊಲೆಟ್ ಹುಡುಕಿ ಹೊರಡುತ್ತದೆ. ಹಿಂದೆ ಇಂಗ್ಲೆಂಡಿನ ಕಾಡುಗಳಲ್ಲಿ ಸರದಿಯಂತೆ ಒಂದೊಂದು ಭಾಗದ ಮರಗಳನ್ನು ಬುಡಕ್ಕೆ ಕಡಿದು ಮತ್ತೆ ಚಿಗುರಲು ಬಿಡುತ್ತಿದ್ದರು. ಹಾಗೆ ಬಿಸಿಲು ಬಿದ್ದ ನೆಲದಲ್ಲಿ ವಯೊಲೆಟ್ ಹಬ್ಬುತ್ತಿತ್ತು. 20ನೇ ಶತಮಾನದಲ್ಲಿ ಆ ಪದ್ಧತಿ ಬಹುಪಾಲು ನಿಂತಿತು. ನೆರಳು ಕವಿದು ವಯೊಲೆಟ್ ಸೊರಗಿತು, ಅದನ್ನೇ ನಂಬಿದ್ದ ಮುತ್ತಿನಂಚಿನ ಫ್ರಿಟಿಲರಿಗಳು ಬ್ರಿಟನ್ನಿನ ಎಷ್ಟೋ ಕಾಡುಗಳಿಂದ ಮರೆಯಾದವು. ಈಗ ಚಿಟ್ಟೆ ಉಳಿಸಲೆಂದೇ ಕೆಲವೆಡೆ ಮತ್ತೆ ಮರ ಕಡಿದು ಬಿಸಿಲು ಬಿಡುತ್ತಿದ್ದಾರೆ.

ಈ ನಂಟು ನಮಗೂ ದೂರದ್ದಲ್ಲ. ನೀಲಗಿರಿ, ಪಳನಿ ಬೆಟ್ಟಗಳ ನೀಲಗಿರಿ ಫ್ರಿಟಿಲರಿಯ ಮರಿಹುಳು ತಿನ್ನುವುದೂ ಅಲ್ಲಿನ ಕಾಡು ವಯೊಲೆಟ್ಟಿನ ಎಲೆಯನ್ನೇ. ಅಂಥ ಬೆಟ್ಟದ ಹುಲ್ಲುಗಾವಲಿನಲ್ಲಿ ನಡೆಯುವಾಗ ಕಾಲ ಬುಡದಲ್ಲಿ ಪುಟ್ಟ ನೇರಳೆ ಹೂ ಕಂಡರೆ, ಘಮವಿಲ್ಲವೆಂದು ತುಳಿಯಬೇಡಿ, ಕೀಳಬೇಡಿ. ಅದು ಯಾವುದೋ ಚಿಟ್ಟೆಯ ಮರಿಗೆ ಬಡಿಸಿಟ್ಟ ಎಲೆ.