ಹಂಗೇರಿಯ ಸಂತ ಅರಸ: ಹೇಳಿದ ಕಥೆ, ಬಿಟ್ಟ ಕಥೆ

ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಮರುದಿನ, ಆಗಸ್ಟ್ 16ರಂದು, ಧರ್ಮಸಭೆ ಹಂಗೇರಿಯ ಸಂತ ಸ್ತೇಫನರನ್ನು ಸ್ಮರಿಸುತ್ತದೆ. ಸಂತರ ಚರಿತ್ರೆಗಳಲ್ಲಿ ಅವರ ಕಥೆ ಬಹುಪಾಲು ಅರ್ಧ ಪುಟದ್ದು: ಅನ್ಯದೇವತೆಗಳನ್ನು ಪೂಜಿಸುತ್ತಿದ್ದ ಜನಾಂಗ, ಭಕ್ತನಾದ ಅರಸ, ರೋಮಿನಿಂದ ಬಂದ ಕಿರೀಟ, ಕಡೆಗೆ ನಾಡೆಲ್ಲ ಕ್ರೈಸ್ತ. ನಿಮ್ಮ ಮಗುವನ್ನು ನೆರೆಯವರು, 'ನಿಮ್ಮ ಧರ್ಮ ಅರಸರ ಕತ್ತಿಯಿಂದ ಹರಡಿದ್ದಲ್ಲವೇ?' ಎಂದು ಕೇಳಿದರೆ, ಈ ಅರ್ಧ ಪುಟವನ್ನಷ್ಟೇ ಕಲಿತ ಮಗು ಏನೆಂದು ಉತ್ತರಿಸೀತು?

ಪೂರ್ತಿ ಕಥೆ ಅಷ್ಟು ನಯವಾದುದಲ್ಲ. ಯೂರೋಪನ್ನು ಸೂರೆಗೊಳ್ಳುತ್ತಿದ್ದ ಹಂಗೇರಿಯ ಕುದುರೆಸವಾರರು 955ರಲ್ಲಿ ಲೆಖ್‌ಫೆಲ್ಡ್ ಬಯಲಿನಲ್ಲಿ ಸೋತರು. ಅವರ ನಾಯಕ ಗೇಜಾ ದೀಕ್ಷಾಸ್ನಾನ ಪಡೆದ ಮೇಲೂ ಹಳೆಯ ದೇವತೆಗಳಿಗೆ ಬಲಿ ಕೊಡುತ್ತಿದ್ದ. 997ರಲ್ಲಿ ಅವನು ತೀರಿಕೊಂಡಾಗ ಮಗ ಸ್ತೇಫನರಿಗೂ ಬಂಧುವಾದ ಕೊಪ್ಪಾನಿಗೂ ಯುದ್ಧವಾಯಿತು. ಸೋತ ಕೊಪ್ಪಾನಿಯ ದೇಹವನ್ನು ನಾಲ್ಕು ತುಂಡು ಮಾಡಿಸಲಾಯಿತೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಕಿರೀಟಧಾರಣೆ ನಡೆದದ್ದು 1000ದ ಕ್ರಿಸ್ಮಸ್ ದಿನ, ಇಲ್ಲವೇ 1001ರ ಹೊಸವರ್ಷದಂದು. ಪ್ರತಿ ಹತ್ತು ಊರುಗಳು ಸೇರಿ ಒಂದು ದೇವಾಲಯ ಕಟ್ಟಬೇಕು. ಒಲೆ ಕಾಯುವವರ ಹೊರತು ಎಲ್ಲರೂ ಭಾನುವಾರದ ಪೂಜೆಗೆ ಬರಬೇಕು. ಇವು ಹೊಸ ಅರಸರ ಕಾನೂನುಗಳು. ಪೂಜೆಯ ನಡುವೆ ಹರಟುವ ದೊಡ್ಡವರಿಗೆ ಛೀಮಾರಿ. ಸಾಮಾನ್ಯರಿಗೆ ಛಡಿಯೇಟು, ಜೊತೆಗೆ ತಲೆ ಬೋಳಿಸುವುದು. (ನಮ್ಮ ದೇವಾಲಯಗಳ ಹಿಂದಿನ ಸಾಲುಗಳಲ್ಲಿ ಇದು ಜಾರಿಗೆ ಬಂದರೆ ಎಷ್ಟು ತಲೆಗಳಲ್ಲಿ ಕೂದಲು ಉಳಿದೀತೋ!)

ಇದೇ ಅರಸರ ಹೆಸರಿನಲ್ಲಿ ಲತೀನ್ ಭಾಷೆಯ ಒಂದು ಚಿಕ್ಕ ಗ್ರಂಥವಿದೆ. ಮಗ ಎಮೆರಿಕನಿಗೆ ತಂದೆ ಹೇಳುವ ಬುದ್ಧಿಮಾತುಗಳ ಹತ್ತು ಅಧ್ಯಾಯಗಳು ಅದರಲ್ಲಿವೆ. ಬರೆದ ಕೈ ಆಸ್ಥಾನದ ಯಾವನೋ ಪಂಡಿತ ಗುರುವಿನದಾಗಿರಬಹುದು, ಆದರೂ ಅದರೊಳಗಿನ ದನಿ ತಂದೆಯದೇ. ತಾಳ್ಮೆಯಿಲ್ಲದ ತೀರ್ಪನ್ನು ಅದು ಒಪ್ಪುವುದಿಲ್ಲ. ಆರನೆಯ ಅಧ್ಯಾಯವಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ: ಹೊರಗಿನಿಂದ ಬಂದವರು ತಮ್ಮೊಡನೆ ಬೇರೆ ನುಡಿ, ಬೇರೆ ನಡೆ, ಬೇರೆ ವಿದ್ಯೆಗಳನ್ನು ತರುತ್ತಾರೆ, ಒಂದೇ ನುಡಿ, ಒಂದೇ ನಡೆಯಿರುವ ರಾಜ್ಯಕ್ಕೆ ಬಲವಿಲ್ಲ ಎಂಬುದು ಅದರ ಅಭಿಪ್ರಾಯ. ಶ್ರೀರಂಗಪಟ್ಟಣದಲ್ಲಿ 17ನೇ ಶತಮಾನದ ನಡುವೆ ಶುಭಸಂದೇಶ ಸಾರಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಕ್ರೈಸ್ತನಲ್ಲದ ಅರಸನ ನಾಡಿನಲ್ಲಿ ಇಂಥ ಅತಿಥಿಯೇ ಆಗಿದ್ದರು. ಮೈಸೂರು ಸೀಮೆಯ ಕ್ರೈಸ್ತರಾದ ನಾವು ಈ ಅಧ್ಯಾಯವನ್ನು ಸಿಂಹಾಸನದ ಮೇಲೆ ಕುಳಿತು ಓದಲಾರೆವು. ಅತಿಥಿಯ ಸಾಲಿನಲ್ಲಿ ನಿಂತೇ ಓದಬೇಕು.

1031ರಲ್ಲಿ ಎಮೆರಿಕ್ ಕಾಡುಹಂದಿಯ ಬೇಟೆಯಲ್ಲಿ ಮಡಿದ. ಪುಸ್ತಕ ಉಳಿಯಿತು, ಓದಿ ಆಳಬೇಕಾದವನು ಉಳಿಯಲಿಲ್ಲ.

ಅದಕ್ಕೆ ಸರಿಯಾಗಿ ನೂರು ವರ್ಷಗಳ ಬಳಿಕ, 1131ರಲ್ಲಿ, ಹೊಯ್ಸಳ ರಾಣಿ ಶಾಂತಲೆ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಮಾಗಡಿ ಸೀಮೆಯ ತಿಪ್ಪಸಂದ್ರದ ಸುತ್ತಿನವರಿಗೆ ಆ ಬೆಟ್ಟ ಪರಸ್ಥಳವೇನಲ್ಲ. ಅವಳ ಪತಿ ವಿಷ್ಣುವರ್ಧನ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂಬುದು ಪ್ರತೀತಿ. ಆದರೆ ರಾಣಿ ಜೈನಳಾಗಿಯೇ ಬಾಳಿದಳು, ದಂಡನಾಯಕ ಗಂಗರಾಜನೂ ಜೈನನಾಗಿಯೇ ಇದ್ದ. ಹೊಯ್ಸಳರೂ ಕತ್ತಿ ಹಿಡಿದೇ ರಾಜ್ಯ ಕಟ್ಟಿದವರು, ಅನುಮಾನವಿಲ್ಲ. ಆದರೂ ಅರಸನ ಧರ್ಮ ಮನೆಯವರೆಲ್ಲರ ಧರ್ಮವಾಗಲೇಬೇಕಿರಲಿಲ್ಲ ಎಂಬ ಸಂಗತಿ ಸ್ತೇಫನರ ಕಾನೂನುಗಳ ಪಕ್ಕದಲ್ಲಿಟ್ಟಾಗ ಕಣ್ಣಿಗೆ ಬೀಳುತ್ತದೆ.

ಮಗ ಹೋದ ಮೇಲೆ ಸಿಂಹಾಸನಕ್ಕೆ ಹತ್ತಿರದವನೆಂದರೆ ಸ್ತೇಫನರ ಚಿಕ್ಕಪ್ಪನ ಮಗ ವಜುಲ್. ಅವನ ಕಣ್ಣು ಕೀಳಿಸಿ ಕಿವಿಗೆ ಕಾದ ಸೀಸ ಹುಯ್ಯಿಸಲಾಯಿತು. ಜರ್ಮನ್ ಮಠವೊಂದರ ವಾರ್ಷಿಕ ದಾಖಲೆ ಅರಸರನ್ನೇ ಹೊಣೆ ಮಾಡುತ್ತದೆ. ಹಂಗೇರಿಯ ಮುಂದಿನ ವೃತ್ತಾಂತಗಳಾದರೋ ರಾಣಿ ಗಿಸೆಲಾಳ ಮೇಲೆ ತಪ್ಪು ಹೊರಿಸುತ್ತವೆ. ಸಂತರ ಕೈ ಶುಭ್ರವಾಗಿರಲೆಂದು ಹೆಣ್ಣಿನ ಕೈಗೆ ಮಸಿ ಬಳಿಯುವ ಈ ಬರವಣಿಗೆ ನನಗೆ ಒಪ್ಪಿಗೆಯಾಗದು.

1083ರಲ್ಲಿ ಸ್ತೇಫನರಿಗೆ ಸಂತಪದವಿ ದೊರೆಯಿತು. ಅದಕ್ಕಾಗಿ ನಿಂತ ಅರಸ ಲಾದಿಸ್ಲಾಸ್ ಆ ಕುರುಡ ವಜುಲನ ಮೊಮ್ಮಗ. ಸುಮಾರು 1100ರಲ್ಲಿ ಸಂತರ ಚರಿತ್ರೆ ಬರೆದ ಧರ್ಮಾಧ್ಯಕ್ಷ ಹಾರ್ತ್‌ವಿಕ್, ಜಗದ್ಗುರುಗಳಿಗೆ ಕನಸಿನಲ್ಲಿ ದೇವದೂತ ಬಂದು ಕಿರೀಟ ಕಳಿಸೆಂದನೆಂದು ಹೇಳುತ್ತಾನೆ. ಅದನ್ನು ನಂಬಲು ಹಿಂಜರಿಯುವ ನಾನು ಅವನ ಇನ್ನೊಂದು ಪುಟವನ್ನು ಮಾತ್ರ ಬಿಡಲಾರೆ. ಮೂರು ದಿನ ಉಪವಾಸ ಮಾಡಿ ಸಮಾಧಿ ತೆರೆಯಹೋದರೆ ಮೇಲಿನ ಕಲ್ಲು ಕದಲಲಿಲ್ಲವಂತೆ. ಸೆರೆಯಲ್ಲಿಟ್ಟ ದಾಯಾದಿ ಸಾಲೊಮನನನ್ನು ಬಿಡುವ ತನಕ ಅದು ಏಳದೆಂದು ಏಕಾಂತವಾಸಿ ತಪಸ್ವಿನಿಯೊಬ್ಬಳು ಹೇಳಿ ಕಳಿಸಿದಳು. ಲಾದಿಸ್ಲಾಸ್ ಅವನನ್ನು ಬಿಡುಗಡೆ ಮಾಡಿದ. ಮತ್ತೆ ಮೂರು ದಿನ ಉಪವಾಸವಿದ್ದು ಕೈ ಹಚ್ಚಿದಾಗ ಕಲ್ಲು ಹಗುರವಾಗಿ ಎದ್ದು ಬಂತು.