ಪೇಪರಲ್ಲಿ ಬಂದೈತೆ

ನಮ್ಮೂರಿಗೆ ಪೇಪರ್ ಬರೋದು ಬೆಳಗಿನ ಮೊದಲ ಬಸ್ಸಿಗೆ. ಹೋಟೆಲ್ ಕಟ್ಟೆ ಮೇಲೆ ವಾದ ಎಷ್ಟೇ ಏರಿರಲಿ, ಯಾರಾದರೂ ‘ಪೇಪರಲ್ಲಿ ಬಂದೈತೆ’ ಅಂದರೆ ಮುಗೀತು, ಅದರ ಮೇಲೆ ಅಪೀಲಿಲ್ಲ.

ಹೋದ ವರ್ಷ ಅಪ್ಪ ಫೋನ್ ಮಾಡಿ, ತೆಂಗಿನ ನುಸಿ ಪೀಡೆಗೆ ಹೊಸ ಪುಡಿ ಬಂದಿದೆಯಂತೆ, ಪೇಪರಲ್ಲಿ ಅರ್ಧ ಪುಟ ಬರೆದಿದ್ದಾರೆ, ಹತ್ತು ಚೀಲ ತರಿಸೋಣ ಅಂದರು. ವಾಟ್ಸಾಪಲ್ಲಿ ಕಳಿಸಿದ ಫೋಟೋ ಹಿಗ್ಗಿಸಿ ನೋಡಿದೆ. ಮೇಲಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಅಡ್ವರ್ಟೋರಿಯಲ್’ ಅಂತಿತ್ತು. ಉಳಿದದ್ದೆಲ್ಲ ಸುದ್ದಿಯ ವೇಷವೇ: ಶೀರ್ಷಿಕೆ, ರೈತರ ಫೋಟೋ, ‘ತಜ್ಞರ’ ಮಾತು.

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಯಾಕಂದ್ರೆ ನಾನೂ ಸಾಚಾ ಅಲ್ಲ. ಹಿಂದಿನ ಕಂಪನಿಯಲ್ಲಿದ್ದಾಗ ಡೇಟಾ ಭದ್ರತೆ ಬಗ್ಗೆ ಒಂದು ಲೇಖನ ಬರೆದುಕೊಟ್ಟಿದ್ದೆ. ಮಾರ್ಕೆಟಿಂಗ್‌ನವರು ಅದರಲ್ಲಿ ಮೂರು ಕಡೆ ನಮ್ಮ ಪ್ರಾಡಕ್ಟಿನ ಹೆಸರು ತುರುಕಿದರು. ಪಿಆರ್ ಏಜೆನ್ಸಿ ಮೂಲಕ ಅದು ಒಂದು ಸುದ್ದಿ ತಾಣದಲ್ಲಿ ಬಾಸ್ ಹೆಸರಲ್ಲಿ ‘ವಿಶೇಷ ಲೇಖನ’ವಾಯಿತು. ಆಫೀಸಲ್ಲಿ ಕೇಕ್ ಕತ್ತರಿಸಿದೆವು.

ಹಾಗಂತ ಪಿಆರ್, ಕಂಟೆಂಟ್ ಮಾರ್ಕೆಟಿಂಗ್ ಎರಡೂ ಪಾಪ ಅಂತ ನಾನು ಹೇಳೊಲ್ಲ. ಅಮೆರಿಕದ ಜಾನ್ ಡಿಯರ್ ಕಂಪನಿ 1895ರಲ್ಲಿ ‘ದಿ ಫರೋ’ ಅನ್ನೋ ಪತ್ರಿಕೆಯನ್ನ ರೈತರಿಗಾಗಿ ಶುರುಮಾಡಿತು, ಇವತ್ತಿಗೂ ಅದು ಬರ್ತಿದೆ. ಅದು ಕಂಪನಿಯ ಪತ್ರಿಕೆ ಅನ್ನೋದು ಗುಟ್ಟೇನಲ್ಲ. ಪಿಆರ್ ವೃತ್ತಿಯ ಆದ್ಯರಲ್ಲಿ ಒಬ್ಬನಾದ ಐವಿ ಲೀ 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರ ಕೆಲಸ ಮಾಡುತ್ತಾ ಪತ್ರಿಕೆಗಳಿಗೊಂದು ಘೋಷಣೆ ಕಳಿಸಿದ. ಅದರ ಸಾರ ಇಷ್ಟು: ನಮ್ಮ ಕೆಲಸ ಬಹಿರಂಗ, ಇದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದ್ದು ಅನಿಸಿದರೆ ಬಳಸಬೇಡಿ. ಆ ಮಾತನ್ನ ಅವನು ಎಷ್ಟು ಪಾಲಿಸಿದ ಅನ್ನೋದು ಬೇರೆ ಪ್ರಶ್ನೆ. ಗೆರೆ ಎಲ್ಲಿದೆ ಅಂತ ಅವನಿಗಂತೂ ಗೊತ್ತಿತ್ತು.

ನಮ್ಮಲ್ಲಿ ಆ ಗೆರೆಯನ್ನ ಪತ್ರಿಕೆಗಳೇ ಅಳಿಸಿದವು. 2003ರಲ್ಲಿ ಟೈಮ್ಸ್ ಸಮೂಹ ‘ಮೀಡಿಯಾನೆಟ್’ ಶುರುಮಾಡಿ ಪುರವಣಿಯ ಬರಹಕ್ಕೆ ದರ ಕಟ್ಟಿತು. ಆಮೇಲೆ ಬಂದ ‘ಪ್ರೈವೇಟ್ ಟ್ರೀಟಿ’ಯಲ್ಲಿ ಕಂಪನಿಗಳಿಂದ ಷೇರು ಪಡೆದು ಜಾಹೀರಾತು ಜಾಗ ಕೊಡುವ ಏರ್ಪಾಡಿತ್ತು. 2009ರ ಚುನಾವಣೆ ಹೊತ್ತಿಗೆ ಅಭ್ಯರ್ಥಿಗಳ ಹೊಗಳಿಕೆಗೂ ದರಪಟ್ಟಿ ಇತ್ತು ಅನ್ನೋ ದೂರುಗಳೆದ್ದವು. ತನಿಖೆಗೆ ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿತು. ಪತ್ರಿಕೆಗಳ ಹೆಸರಿದ್ದ ಆ ಪೂರ್ಣ ವರದಿಯನ್ನ ಕೌನ್ಸಿಲ್ಲೇ ಬದಿಗಿಟ್ಟು, 2010ರಲ್ಲಿ ಚುಟುಕು ವರದಿ ಹೊರಡಿಸಿತು. ಪೂರ್ತಿ ವರದಿ ಹೊರಬರೋಕೆ 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಬೇಕಾಯಿತು. ಅದೇ ವರ್ಷ ಚುನಾವಣಾ ಆಯೋಗ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನ ಅನರ್ಹಗೊಳಿಸಿತು. ಕಾರಣ, ಕಾಸಿನ ಸುದ್ದಿಗೆ ಮಾಡಿದ ಖರ್ಚನ್ನ ಲೆಕ್ಕದಲ್ಲಿ ತೋರಿಸದಿದ್ದದ್ದು.

‘ಲೇಬಲ್ ಹಾಕಿದ್ದೀವಲ್ಲ’ ಅನ್ನೋದು ಈಗಿನ ಸಮಜಾಯಿಷಿ. ಕೊಳ್ಳುವವನ ಕಡೆಯಿಂದ ಯೋಚಿಸಿ ನೋಡಿ. ಅವನಿಗೆ ಬರೀ ಜಾಗ ಸಾಕಿದ್ದರೆ ಮಾಮೂಲಿ ಜಾಹೀರಾತನ್ನೇ ಕೊಡ್ತಿದ್ದ. ಅವನಿಗೆ ಬೇಕಿರೋದು ಸುದ್ದಿಯ ವೇಷ. ವರದಿಗಾರರು ಬಿಸಿಲಲ್ಲಿ ಓಡಾಡಿ, ಬೈಸಿಕೊಂಡು, ಕೇಸು ಹಾಕಿಸಿಕೊಂಡು ದಶಕಗಳಲ್ಲಿ ಗಳಿಸಿದ ನಂಬಿಕೆಯನ್ನ ಪತ್ರಿಕೆ ಅಷ್ಟು ಹೊತ್ತಿಗೆ ಬಾಡಿಗೆಗೆ ಬಿಡ್ತಿದೆ. ಲೇಬಲ್ ದೊಡ್ಡದಾದಷ್ಟೂ ಬಾಡಿಗೆ ಇಳಿಯುತ್ತೆ. ಅದಕ್ಕೇ ಆ ಸಾಸಿವೆ ಕಾಳು.

ನಮ್ಮ ಪಾಲೂ ಇದೆ. ಪೇಪರಿಗೆ ನಾವು ಕೊಡೋ ಕಾಸು ಅದನ್ನ ತಯಾರಿಸುವ ಖರ್ಚಿಗೆ ಸಾಲೊಲ್ಲ, ಆನ್‌ಲೈನಲ್ಲಂತೂ ಅಷ್ಟನ್ನೂ ಕೊಡೊಲ್ಲ. ಆದರೆ ಬಡತನ ಒಂದು ಕಾರಣ ಇರಬಹುದು, ಸುಳ್ಳಿಗೆ ಅದು ರಸೀದಿಯಲ್ಲ.

ಈಗಿನ ಕಂಪನಿಯಲ್ಲೂ ಮೊನ್ನೆ ಒಂದು ಲೇಖನ ಕೇಳಿದರು. ‘ಇದು ನಮ್ಮ ಕಂಪನಿ ಬರೆಸಿದ್ದು’ ಅಂತ ಶೀರ್ಷಿಕೆ ಕೆಳಗೇ ಹಾಕೋದಾದರೆ ಬರೆಯುತ್ತೇನೆ ಅಂದೆ. ‘ಹಾಗೆ ಹಾಕಿದರೆ ಯಾರು ಓದ್ತಾರೆ?’ ಅಂದರು. ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ನಾನು ಆ ಮೀಟಿಂಗಲ್ಲಿ ಕೇಳಲಿಲ್ಲ.

ಅಪ್ಪ ಪುಡಿ ತರಿಸಲಿಲ್ಲ. ನಾನು ವಿವರಿಸಿದ್ದೆಲ್ಲ ಕೇಳಿ, ‘ಹಂಗಾದ್ರೆ ಹಿಂದೆ ಓದಿದ್ದರಲ್ಲಿ ಯಾವ್ದು ನಿಜ ಮಗಾ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.